ಎರಡು ಹೆಸರಿನ ಕಾಕುವಿನೊಡನೆ ಲುಂಬಿನಿಗೆ

ಘಟಪ್ರಭಾ ಸ್ಟೇಷನ್

ಲುಂಬಿನಿಗೆ ಹೋಗಬೇಕಿದ್ದವನು ನಮ್ಮ ಕಾಕಾ, ನಮ್ಮಪ್ಪನ ತಮ್ಮ. ಮೂರು ತಿಂಗಳ ಮುಂಚೆಯೇ ಹೆಸರು ಬರೆಸಿ, ಬಿಳಿ ಅಂಗಿ ಹೊಲಿಸಿ, ನಮ್ಮೂರು ಕಣಗಲಾದ ಚಹದಂಗಡಿಯಲ್ಲಿ ಕುಳಿತವರಿಗೆಲ್ಲ ನೇಪಾಳದ ಹವಾಮಾನ ವಿವರಿಸಿ ಮುಗಿಸಿದ್ದ. ಹೊರಡಲು ನಾಲ್ಕು ದಿನ ಇರುವಾಗ ನಮ್ಮ ಕಬ್ಬಿನ ಕಟಾವಿನ ಪಾಳಿ ಬಂತು. ಕಟಾವಿನವರು ಹೊಲಕ್ಕೆ ಇಳಿದ ಮೇಲೆ ಯಜಮಾನನಾದವನು ಬುದ್ಧ ಹುಟ್ಟಿದ ಊರಿಗೂ ಹೋಗುವಂತಿಲ್ಲ. ಅವನ ಸೀಟು ನನ್ನ ಪಾಲಿಗೆ ಬಂತು. ಅದರ ಜೊತೆಗೆ ಅವನ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ನೋಡಿಕೊಳ್ಳುವ ಕೆಲಸವೂ ಬಂತು.

ನೋಡಿಕೊಳ್ಳುವುದೇಕೆ ಎಂದರೆ, ಕಾಕುವಿನ ಪಿತ್ತಕೋಶದಲ್ಲಿ ಹರಳುಗಳಿವೆ. ಎರಡು ವರ್ಷದಿಂದ ಇವೆ. ಗೋಕಾಕದ ಡಾಕ್ಟರು ಸ್ಕ್ಯಾನಿನ ಚಿತ್ರ ಬೆಳಕಿಗೆ ಹಿಡಿದು ತೋರಿಸಿ, "ಇದನ್ನ ತಗಿಸಿ ಬಿಡ್ರಿ, ಮುಂದಕ್ಕ ಹಾಕಬ್ಯಾಡ್ರಿ. ಒಂದಿನ ನಳಿಯೊಳಗ ಸಿಕ್ಕೊಂಡ್ರ ಜೀವಕ್ಕ ಬರತೈತಿ" ಎಂದಿದ್ದರು. ಆ ಮಾತು ಆಡಿದ್ದು ಹೋದ ವರ್ಷವಲ್ಲ, ಅದರ ಹಿಂದಿನ ವರ್ಷದ ಮಳೆಗಾಲದಲ್ಲಿ.

ಕಾಕಾನ ವಿಷಯದಲ್ಲಿ ಹೀಗಾಗಲಿಲ್ಲ. ಹರ್ನಿಯಾ ಆದಾಗ ಅವನು ರೇಶನ್ ಕಾರ್ಡು, ಆಧಾರ್ ಎರಡನ್ನೂ ಹಿಡಿದು ಅದೇ ಗೋಕಾಕಕ್ಕೆ ಹೋದ. ಬೆರಳಿಟ್ಟ, ಯಂತ್ರ ಒಪ್ಪಿತು, ಸರ್ಕಾರದ ಆರೋಗ್ಯ ವಿಮೆಯಲ್ಲಿ ಹೆಸರು ಬಂತು. ವಾರ ತುಂಬುವುದರೊಳಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದು ಅಟ್ಟಣಿಗೆಯ ಮೇಲೆ ಕಾಲು ಚಾಚಿ ಶಿರಾ ತಿಂದ. ಒಂದೇ ಮನೆ, ಒಂದೇ ಕಾರ್ಡು, ಒಂದೇ ಆಸ್ಪತ್ರೆ. ಕಾಕು ಬೆರಳಿಟ್ಟಾಗ ಮಾತ್ರ ಯಂತ್ರ ಒಪ್ಪಲಿಲ್ಲ.

ರೊಕ್ಕ ಕೊಟ್ಟೇ ಮಾಡಿಸಿದರೆ ಏನು ಎಂದು ನಾನು ಕೇಳಿದ್ದೆ. "ಕಾರ್ಡ್ ಇದ್ದಾಗ ರೊಕ್ಕ ಯಾಕ ಕೊಡೂದು? ಮುಂದಿನ ತಿಂಗಳ ಆಗತೈತಿ" ಎಂದಿದ್ದ ಕಾಕಾ. ಆ ಮುಂದಿನ ತಿಂಗಳು ಇನ್ನೂ ಬಂದಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ನಮ್ಮ ತಂಡದ ಮುಖ್ಯಸ್ಥರು, ಮೂಡಲಗಿಯ ನಿವೃತ್ತ ಮಾಸ್ತರರು, ಕೊರಳಲ್ಲಿ ಸೀಟಿ ಹಾಕಿಕೊಂಡು ಹಾಜರಿ ಕರೆಯುತ್ತಿದ್ದರು. "ಆಧಾರ್ ಒಳಗ ಇಡ್ರಿ, ಓಟಿನ ಚೀಟಿ ಹೊರಗ ತಗೀರಿ. ನೇಪಾಳದಾಗ ಅದ ನಡೀತೈತಿ. ಶೋಭಾ ಬಂದಾಳೇನು?"

"ಬಂದೇನ್ರಿ," ಎಂದಳು ಕಾಕು. ಆಮೇಲೆ ನನ್ನ ಕಡೆ ವಾಲಿ, "ಅಪರೇಶನ್ ಅಂತೂ ಆಗವಲ್ದು, ಲುಂಬಿನಿ ಆದ್ರೂ ನೋಡಿ ಬರೋಣು" ಎಂದಳು.

ಗಾಡಿಯಲ್ಲಿ, ಎರಡನೆಯ ದಿನ

ಪುಣೆಯಲ್ಲಿ ಗಾಡಿ ಬದಲಿಸಿದೆವು. ಉತ್ತರಕ್ಕೆ ಹೋದಂತೆ ಮಂಜು ದಟ್ಟವಾಯಿತು, ಗಾಡಿ ನಿಧಾನವಾಯಿತು, ಕಡೆಗೆ ಯಾವುದೋ ಹೆಸರಿಲ್ಲದ ಜಾಗದಲ್ಲಿ ನಿಂತೇ ಬಿಟ್ಟಿತು. ಮಂಜಿನಿಂದ ನಮಗಾದ ದೊಡ್ಡ ನಷ್ಟ ರೊಟ್ಟಿಯದು. ಒಂದು ತಿಂಗಳು ಬಾಳುತ್ತವೆ ಎಂದು ಮನೆಮನೆಯಿಂದ ಕಟ್ಟಿ ತಂದಿದ್ದ ಖಡಕ್ ರೊಟ್ಟಿಗಳು ಆ ಥಂಡಿ ಹೀರಿಕೊಂಡು ಒದ್ದೆ ಅರಿವೆಯಂತಾದವು. ಮುರಿದರೆ ಸಪ್ಪಳವೇ ಬರಲಿಲ್ಲ. ಹೆಂಗಸರ ಮುಖಗಳು ಬಾಡಿದವು. ಇನ್ನು ಮೇಲೆ ಸ್ಟೇಷನ್ನಿನ ಪುರಿ-ಭಾಜಿಯೇ ಗತಿ ಎಂದು ತಿಳಿಯಿತು.

ಗಾಡಿ ನಿಂತಾಗ ವಾದ ಶುರುವಾಗದೆ ಇರುತ್ತದೆಯೇ. ಮಾಸ್ತರರಿಗೆ ಕಾಕುವಿನ ಹರಳಿನ ಕಥೆ ಗೊತ್ತಾಗಿತ್ತು. "ಸರ್ಕಾರದ ವಿಮಾ ಹೆಣ್ಮಕ್ಕಳಿಗೆ ಸರಳ ಸಿಗೂದಿಲ್ಲ ನೋಡವಾ ಪ್ರೀತಿ" ಎಂದರು.

ಕಾಲೇಜಿನಲ್ಲಿ ಇದೇ ವಿಷಯದ ಮೇಲೆ ನಾನು ಚರ್ಚಾಸ್ಪರ್ಧೆ ಗೆದ್ದಿದ್ದೆ. ಅಲ್ಲಿ ಪಕ್ಷವನ್ನು ನಾವು ಆರಿಸುವುದಿಲ್ಲ, ಚೀಟಿ ಎತ್ತುತ್ತೇವೆ. ನನಗೆ ಬಂದ ಚೀಟಿ, 'ವಿಮೆಯಲ್ಲಿ ಗಂಡು ಹೆಣ್ಣಿನ ಭೇದವಿಲ್ಲ'. ಗೆದ್ದ ಮೇಲೆ ಆ ಮಾತನ್ನು ನಾನು ನಂಬಿಯೂ ಬಿಟ್ಟಿದ್ದೆ. ಗೆದ್ದ ವಾದಗಳ ದೋಷವೇ ಇದು.

"ಸರ್, ನಿಯಮ ತಗದ ತೋರಸ್ರಿ," ಎಂದೆ. "ಹೆಂಗಸರಿಗೆ ಕಡಿಮಿ ಅಂತ ಎಲ್ಲಿ ಬರದೈತಿ? ಕಾರ್ಡಿನ್ಯಾಗ ಯಜಮಾನಿ ಅಂತ ಇರೂದ ಹೆಂಗಸು. ನಮ್ಮ ಮನಿ ಕಾರ್ಡ್ ನಮ್ಮ ಆಯಿ ಹೆಸರಿನ್ಯಾಗ ಐತಿ." ಆಯಿ ಅಂದರೆ ನನ್ನ ಅಜ್ಜಿ, ಕಾಕುವಿನ ಅತ್ತೆ.

"ಮತ್ತ ಇಕಿದು ಯಾಕ ಆಗಲಿಲ್ಲ?"

"ಇಕಿಗೆ ಎರಡ ಹೆಸರ ಅದಾವ್ರಿ. ಅದು ಕಂಪ್ಯೂಟರಿನ ತಕರಾರು. ವಿಮಾದ್ದಲ್ಲ."

ಎರಡು ಹೆಸರಿನ ಕಥೆ ಇಷ್ಟು. ಕಾಕು ಹುಟ್ಟಿದ್ದು ಮಸಗುಪ್ಪಿಯಲ್ಲಿ, ಅಲ್ಲಿ ಅವಳು ಹೌಸವ್ವ. ನಮ್ಮ ಮನೆಗೆ ಮದುವೆಯಾಗಿ ಬಂದ ದಿನ ಶೋಭಾ ಆದಳು. ನಮ್ಮ ಕಡೆ ಸೊಸೆ ಹೊಸ್ತಿಲು ದಾಟಿದ ಮೇಲೆ ತಾಟಿನಲ್ಲಿ ಅಕ್ಕಿ ಹರಡಿ, ಅದರಲ್ಲಿ ಉಂಗುರದಿಂದ ಹೊಸ ಹೆಸರು ಬರೆಯುತ್ತಾರೆ. ಬುದ್ಧನ ಹಾದಿ ಹಿಡಿದು ದೇವರ ಜಗಲಿಯನ್ನು ನಮ್ಮ ಅಜ್ಜನ ಕಾಲದಲ್ಲೇ ಖಾಲಿ ಮಾಡಿದ ಮನೆ ನಮ್ಮದು. ಮದುವೆಗೆ ಮುಹೂರ್ತ ನೋಡುವುದಿಲ್ಲ, ಬಿಳಿ ಸೀರೆ ಉಡುತ್ತೇವೆ. ಎಲ್ಲ ಬಿಟ್ಟವರು ಅಕ್ಕಿಯ ತಾಟು ಮಾತ್ರ ಬಿಡಲಿಲ್ಲ. ಕಣಗಲಾದಲ್ಲಿ ಮಾಡಿಸಿದ ರೇಶನ್ ಕಾರ್ಡಿನಲ್ಲೂ ಓಟಿನ ಚೀಟಿಯಲ್ಲೂ ಶೋಭಾ. ಆಧಾರ್ ಮಾಡುವವರು ಊರೂರಿಗೆ ಬಂದಾಗ ಕಾಕು ಬಾಣಂತನಕ್ಕೆಂದು ತವರಿನಲ್ಲಿದ್ದಳು. ಅವಳ ಅಣ್ಣ ಶಾಲೆಯ ದಾಖಲೆ ತೋರಿಸಿ ಹೌಸವ್ವ ಎಂದೇ ಬರೆಸಿದ. ಕಂಪ್ಯೂಟರಿನ ಕಣ್ಣಿಗೆ ಇವರು ಇಬ್ಬರು ಹೆಂಗಸರು. ಒಬ್ಬಳಿಗೆ ಮನೆ ಇದೆ, ಬೆರಳಿಲ್ಲ. ಇನ್ನೊಬ್ಬಳಿಗೆ ಬೆರಳಿದೆ, ಮನೆಯಿಲ್ಲ.

"ಹಂಗಂದ್ರ ಈ ತಕರಾರು ಗಂಡಸರಿಗೂ ಬರಬೇಕಲ್ಲ?" ಎಂದರು ಮಾಸ್ತರರು ಮೆತ್ತಗೆ.

ಸಾಕ್ಷಿ ಸಿಕ್ಕುವ ಕಡೆ ಬಾಯಿಮಾತು ಯಾಕೆ? ಎದ್ದು ನಿಂತು ಬೋಗಿಯಲ್ಲಿದ್ದ ನಮ್ಮ ಹೆಂಗಸರಿಗೆಲ್ಲ ಕೇಳಿದೆ, ತವರಿನ ಹೆಸರೇ ಇನ್ನೂ ಇರುವವರು ಕೈ ಎತ್ತಿರಿ ಎಂದು. ಅಲ್ಲೊಂದು ಇಲ್ಲೊಂದು ಕೈ ಮೇಲೆದ್ದಿತು. ಉಳಿದವರು ತಮ್ಮ ಹಳೆಯ ಹೆಸರು ಹೇಳತೊಡಗಿದರು, ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ, ನಗುತ್ತ, ಒಬ್ಬರನ್ನೊಬ್ಬರು ತಿವಿಯುತ್ತ. "ಅಯ್ಯ, ನೀ ಕಲ್ಲವ್ವ ಇದ್ದೇನ? ನಾ ಇಷ್ಟ ವರ್ಷ ಸುನಂದಾ ಅಂತ ಕರದೇನಿ." ಒಬ್ಬ ಮುದುಕಿ ಮಾತ್ರ, "ತಡೀರಿ, ನೆನಪ ಮಾಡಕೊಂಡ ಹೇಳತೇನಿ" ಎಂದು ಕಿಟಕಿಗೆ ಮುಖ ಮಾಡಿ ಕುಳಿತಳು. ಮುಂದಿನ ಸ್ಟೇಷನ್ ದಾಟಿದ ಮೇಲೆ ಇದ್ದಕ್ಕಿದ್ದಂತೆ "ಬಾಳವ್ವ" ಎಂದಳು.

ಗಂಡಸರ ಸಾಲಿಗೂ ಅದೇ ಪ್ರಶ್ನೆ ಹಾಕಿದೆ. "ಗಂಡಸರ ಹೆಸರ ಯಾಂವ ಬದಲಸ್ತಾನವಾ?" ಎಂದು ಒಬ್ಬರು ಪುರಿಯ ಎಣ್ಣೆ ಒರೆಸಿಕೊಂಡರು.

ಮಾಸ್ತರರು ಶೇಂಗಾ ಸುಲಿಯುತ್ತಿದ್ದರು. ಅದು ನನಗೆ ಅವರ ಮಾತಿಗಿಂತ ಹೆಚ್ಚು ಸಿಟ್ಟು ತಂದಿತು.

ಸೋನೌಲಿ ಗಡಿ

ಪರದೇಶ ಅಂದರೆ ಏನೋ ಆಗುತ್ತದೆ ಎಂದುಕೊಂಡಿದ್ದೆ. ಒಂದು ದೊಡ್ಡ ಕಮಾನು, ಕಮಾನಿನ ಕೆಳಗೆ ಗೊಬ್ಬರದ ಚೀಲ ಹೊತ್ತ ಸೈಕಲ್ಲುಗಳು, ಕೊಡಗಳು, ಮದುವೆಗೆ ಹೊರಟವರು, ಒಂದು ಆಡು. ಎಲ್ಲರೂ ನಡೆದು ಹೋಗುತ್ತಿದ್ದರು. ನಾವೂ ನಡೆದೆವು. ಆಡನ್ನು ಯಾರೂ ತಡೆಯಲಿಲ್ಲ, ನಮ್ಮನ್ನೂ ಯಾರೂ ತಡೆಯಲಿಲ್ಲ.

ಕಾಕು ಮಾತ್ರ ಬೇಜಾರಾದಳು. ಓಟಿನ ಚೀಟಿ, ಆಧಾರ್ ಎರಡನ್ನೂ ಕರವಸ್ತ್ರದಲ್ಲಿ ಸುತ್ತಿ, ಯಾವುದನ್ನು ಕೇಳಿದರೆ ಯಾವುದನ್ನು ಕೊಡಬೇಕೆಂದು ಮೂರು ದಿನದಿಂದ ಬಾಯಿಪಾಠ ಮಾಡಿದ್ದಳು. ಕಮಾನು ದಾಟಿ ಹತ್ತು ಹೆಜ್ಜೆ ಆದ ಮೇಲೂ ಹಿಂದೆ ತಿರುಗಿ ನೋಡುತ್ತಿದ್ದಳು.

"ಯಾರೂ ಕೇಳವಲ್ರಲ್ಲ?"

"ಕೇಳದಿದ್ರ ಛಲೋನ ಆತಲ್ಲ ಕಾಕು."

"ದೇಶ ದಾಟಾಕ ಹೆಸರ ಬ್ಯಾಡ. ಗೋಕಾಕದ ದವಾಖಾನಿ ದಾಟಾಕ ಬೇಕು," ಎಂದು ಕರವಸ್ತ್ರವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದು. ಮಾಸ್ತರರು ಸೀಟಿ ಊದಿ ಎಲ್ಲರೂ ಗಡಿಯಾರ ತಿದ್ದಿಕೊಳ್ಳಿ ಎಂದರು. ಅರ್ಧ ಜನ ಮುಳ್ಳನ್ನು ಮುಂದೆ ತಿರುಗಿಸಿದರು, ಅರ್ಧ ಜನ ಹಿಂದೆ. ಹೀಗಾಗಿ ಮುಂದಿನ ಮೂರು ದಿನ ನಮ್ಮ ತಂಡದಲ್ಲಿ ಎರಡು ಹೊತ್ತುಗಳು ನಡೆದವು, ಬಸ್ಸು ಯಾವಾಗಲೂ ಅರ್ಧ ತಾಸು ಯಾರಿಗೋ ಕಾಯುತ್ತಿತ್ತು. "ಹದಿನೈದು ನಿಮಿಷದ ಸಲುವಾಗಿ ಬ್ಯಾರೆ ದೇಶ ಮಾಡಿದ್ರೇನು?" ಎಂದು ಕಾಕು ತನ್ನ ಗಡಿಯಾರವನ್ನು ಮುಟ್ಟಲೇ ಇಲ್ಲ. ಕಣಗಲಾದ ಹೊತ್ತಿನಲ್ಲೇ ಉಳಿದಳು.

ಬಸ್ಸು ಬರುವವರೆಗೆ ಅಲ್ಲೇ ಮತ್ತೆ ಪುರಿ ತಿಂದೆವು. ಎಣ್ಣೆ ತಿಂದರೆ ಹರಳು ಕೆರಳುತ್ತದೆ, ಕಾಕುವಿಗೆ ಬೇಡ ಎಂದು ನಾನು ಹೇಳಬೇಕಿತ್ತು. ಅಲ್ಲಿನ ನೋಟಿಗೆ ನಮ್ಮ ನೋಟು ಎಷ್ಟಾಗುತ್ತದೆ ಎಂದು ಅಂಗಡಿಯವನ ಜೊತೆ ವಾದಿಸುವುದರಲ್ಲಿ ಮರೆತೆ.

ಲುಂಬಿನಿ, ಮೊದಲ ಮಧ್ಯಾಹ್ನ

ಸಮಾಧಾನವಾದ ಜಾಗ. ಕಂದು ಇಟ್ಟಿಗೆಯ ಹಳೆಯ ಪಾಯಗಳು, ಅವುಗಳ ನಡುವೆ ಬರಿಗಾಲಲ್ಲಿ ನಡೆಯುವ ಜನ, ದೊಡ್ಡ ಮರಕ್ಕೆ ಕಟ್ಟಿದ ಬಣ್ಣದ ಬಾವುಟಗಳು. ಬೇರೆ ಬೇರೆ ದೇಶದವರು ಬೇರೆ ಬೇರೆ ರೀತಿ ಕುಳಿತಿದ್ದರು. ಒಂದು ದೇಶದವರು ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿದ್ದರು. ನಮ್ಮವರು ಕುಳಿತ ಕೂಡಲೇ ಚೀಲ ಬಿಚ್ಚಿ ಯಾರು ಯಾರಿಗೆ ಚುರುಮುರಿ ಬೇಕು ಎಂದು ಕೇಳಿದರು. ಬುದ್ಧ ಹುಟ್ಟಿದ್ದು ಇದೇ ಜಾಗದಲ್ಲಿ ಎನ್ನಲು ಏನು ಆಧಾರ ಎಂದು ನಾನು ಮಾಸ್ತರರನ್ನು ಕೇಳಬೇಕೆಂದಿದ್ದೆ. ಕಾಕುವಿನ ಮುಖ ನೋಡಿ ಬಾಯಿ ಮುಚ್ಚಿದೆ. ಅವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹುಲ್ಲಿನ ಮೇಲೆ ಮೆಲ್ಲಗೆ, ಯಾರದೋ ನಿದ್ದೆ ಕೆಡಿಸಬಾರದು ಎನ್ನುವ ಹಾಗೆ ನಡೆಯುತ್ತಿದ್ದಳು.

ಕೊಳದ ಹತ್ತಿರ ಬಂದಾಗ ಅವಳು ಬಾಗಿದಳು. ನಮಸ್ಕಾರ ಮಾಡುತ್ತಿದ್ದಾಳೆ ಎಂದುಕೊಂಡೆ. ಮೇಲೇಳಲಿಲ್ಲ. ಬಲಗೈ ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದಿತ್ತು, ಮುಖ ಬೆವರಿತ್ತು.

"ಏನಿಲ್ಲ, ಪುರಿ," ಎಂದಳು. ಆಮೇಲೆ ಹುಲ್ಲಿನ ಮೇಲೆ ಕುಳಿತುಬಿಟ್ಟಳು.

ಹೇಗೋ ನಮ್ಮ ಲಾಡ್ಜಿಗೆ ಕರೆತಂದೆವು. ಅದನ್ನು ನಡೆಸುವ ಫೂಲ್‌ಮತಿ ಎಂಬ ಹೆಂಗಸೇ ಬ್ಯಾಟರಿ ರಿಕ್ಷಾ ಕರೆಸಿ ನಮ್ಮ ಜೊತೆ ಸರ್ಕಾರಿ ದವಾಖಾನೆಗೆ ಬಂದಳು. ಕಿಟಕಿಯಲ್ಲಿ ಕುಳಿತವನು ತಲೆ ಎತ್ತದೆ ಮೊದಲು ಕೇಳಿದ್ದು ಒಂದೇ ಶಬ್ದ, "ಬೀಮಾ?" ಭಾಷೆ ಬೇರೆಯಾದರೂ ವಿಮೆ ಇದೆಯೇ ಎಂಬ ಆ ಪ್ರಶ್ನೆ ಕಾಕುವಿಗೆ ತಿಳಿಯಿತು. ನೋವಿನಲ್ಲೂ ಕಣ್ಣು ತೆರೆದು ನನ್ನನ್ನು ನೋಡಿದಳು, ಇಲ್ಲಿಯೂ ಅದೇನಾ ಎನ್ನುವ ಹಾಗೆ. ಪರದೇಶದವರು, ಬೀಮಾ ಇಲ್ಲ, ಮೊದಲು ನೋಡಿರಿ ಎಂದು ಫೂಲ್‌ಮತಿ ಗದರಿದಳು. ಜೊತೆಗೆ ಬಂದಿದ್ದ ಮಾಸ್ತರರು ಹೆಸರು ಶೋಭಾ ಎಂದು ಬರೆಸಿದರು.

ಒಳಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಂಚದ ಮೇಲೆ ಬಾಗಿ, ಕಾಕುವಿನ ಗಲ್ಲ ತಟ್ಟಿ, ಹಿಂದಿಯಲ್ಲಿ ಹೆಸರು ಕೇಳಿದಳು. ಎಚ್ಚರ ಇದೆಯೋ ಇಲ್ಲವೋ ನೋಡಲು ಕೇಳಿದ್ದಿರಬೇಕು.

"ಹೌಸವ್ವ," ಎಂದಳು ಕಾಕು.

ಡಾಕ್ಟರಮ್ಮ ಚೀಟಿ ನೋಡಿದಳು, ನಮ್ಮನ್ನು ನೋಡಿದಳು. ಮತ್ತೊಮ್ಮೆ ಕೇಳಿದಳು. "ಹೌಸವ್ವ. ಮಸಗುಪ್ಪಿ," ಎಂದಳು ಕಾಕು, ಊರು ಸಮೇತ. ಡಾಕ್ಟರಮ್ಮ ಶೋಭಾ ಎಂಬುದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದುಕೊಂಡಳು. ಅಷ್ಟೇ. ಅಫಿಡವಿಟ್ಟಿಲ್ಲ, ಸಾಕ್ಷಿಗಳಿಲ್ಲ, ಒಂದು ಗೆರೆ.

ಸೂಜಿ ಚುಚ್ಚಿದರು, ಸಲೈನ್ ಹಚ್ಚಿದರು. ಸೂರ್ಯ ಇಳಿಯುವ ಮೊದಲು ನೋವು ಇಳಿಯಿತು. ಊರಿಗೆ ಹೋದ ಕೂಡಲೇ ತೆಗೆಸಿರಿ, ಮುಂದಿನ ಸಲ ಇಷ್ಟಕ್ಕೆ ನಿಲ್ಲಲಿಕ್ಕಿಲ್ಲ ಎಂದು ಡಾಕ್ಟರಮ್ಮ ನನಗೆ ಎರಡು ಸಲ ಹೇಳಿದಳು. ಗೋಕಾಕದಲ್ಲಿ ಕೇಳಿದ ಮಾತೇ. ಆದರೆ ಈ ಸಲ ಕಾಕುವಿನ ಬೆವರು ನನ್ನ ತೋಳಿನ ಮೇಲೆ ಇನ್ನೂ ಆರಿರಲಿಲ್ಲ.

ಲುಂಬಿನಿ, ಮರುದಿನ

ತಂಡದವರೆಲ್ಲ ಕಪಿಲವಸ್ತು ನೋಡಲು ಹೋದರು. ನಾವಿಬ್ಬರೂ ಲಾಡ್ಜಿನ ಮಾಳಿಗೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತೆವು. ಫೂಲ್‌ಮತಿ ಹಸಿ ಬಟಾಣಿ ಸುಲಿಯಲು ಬಂದಳು, ಕಾಕು ಕೇಳದೆಯೇ ಒಂದು ಹಿಡಿ ಎಳೆದುಕೊಂಡು ತಾನೂ ಸುಲಿಯತೊಡಗಿದಳು. ಕಾಕುವಿನ ಹಿಂದಿ ಟೀವಿಯಿಂದ ಬಂದದ್ದು, ನಡುನಡುವೆ ಮರಾಠಿ. ಫೂಲ್‌ಮತಿಯದು ಗಡಿಯ ಕಡೆಯ ಹಿಂದಿ. ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು. ನನಗೇ ಅಲ್ಲಲ್ಲಿ ತಪ್ಪುತ್ತಿತ್ತು.

ಕೆಳಗಿನಿಂದ ಯಾರೋ "ಪಡರೌನಾವಾಲಿ" ಎಂದು ಕೂಗಿದರು. ಫೂಲ್‌ಮತಿ ಓಗೊಟ್ಟಳು. ಪಡರೌನಾ ಭಾರತದ ಕಡೆಯ ಊರು, ಅವಳ ತವರು. ಇಲ್ಲಿಗೆ ಮದುವೆಯಾಗಿ ಬಂದ ದಿನದಿಂದ ಅತ್ತೆ ಮನೆಯವರು, ಓಣಿಯವರು ಅವಳನ್ನು ಪಡರೌನಾದವಳು ಎಂದೇ ಕರೆಯುತ್ತಾರಂತೆ. ಅವರಲ್ಲಿ ಎಲ್ಲ ಸೊಸೆಯರಿಗೂ ಹಾಗೆಯೇ. ಸೊಸೆಯ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ತವರಿನ ಹೆಸರಿನಿಂದ ಕರೆಯುತ್ತಾರೆ.

"ಅಂದ್ರ ಹೆಸರ ಬದಲ ಮಾಡೂದಿಲ್ಲ?" ಎಂದು ಕಾಕು ಕೇಳಿದಳು.

ಹೆಸರು ಪೆಟ್ಟಿಗೆಯಲ್ಲಿ ಹಾಗೇ ಇರುತ್ತದೆ, ಯಾರೂ ಮುಟ್ಟುವುದಿಲ್ಲ ಎಂದಳು ಫೂಲ್‌ಮತಿ.

ನನಗೆ ಇವರದು ನಮ್ಮದಕ್ಕಿಂತ ಒಳ್ಳೆಯದೋ ಕೆಟ್ಟದ್ದೋ ತೀರ್ಮಾನಿಸಬೇಕಿತ್ತು. "ಹಾಗಾದರೆ ನಿಮಗೆ ಬೀಮಾ ತೊಂದರೆಯಿಲ್ಲದೆ ಸಿಕ್ಕಿತೇ?" ಎಂದು ಕೇಳಿದೆ. ಅವಳು ನಕ್ಕಳು. ಹೆಸರು ಬರೆದುಕೊಳ್ಳುವವನು ಮನೆಗೇ ಬಂದಿದ್ದನಂತೆ. ಅತ್ತೆ, ಗಂಡ, ಮಕ್ಕಳು, ಎಲ್ಲರನ್ನೂ ಬರೆದುಕೊಂಡ. ಇವಳ ಹತ್ತಿರ ನೇಪಾಳದ ಪೌರತ್ವದ ಕಾಗದ ಇರಲಿಲ್ಲ. ಆ ಕಾಗದ ಗಂಡನ ಕಡೆಯಿಂದ ಆಗಬೇಕು, ಗಂಡ ದುಡಿಯಲು ಅರಬ್ ದೇಶಕ್ಕೆ ಹೋಗಿದ್ದ. ವರ್ಷಗಟ್ಟಲೆ ಮನೆಯವರೆಲ್ಲ ಬೀಮಾದ ಒಳಗೆ, ಅವರಿಗೆ ಅಡುಗೆ ಮಾಡಿ ಹಾಕುವವಳು ಹೊರಗೆ.

"ಆಮೇಲೆ?"

ಆಮೇಲೆ ಅತ್ತೆ ಒಂದು ದಿನ ಇವಳ ಕೈ ಹಿಡಿದು ವಾರ್ಡ್ ಆಫೀಸಿಗೆ ಕರೆದುಕೊಂಡು ಹೋಗಿ ಬಾಗಿಲಲ್ಲಿ ಕುಳಿತಳಂತೆ. ನನಗೆ ಓದಲು ಬರುವುದಿಲ್ಲ, ಆದರೆ ಇವಳು ನನ್ನ ಸೊಸೆ ಎಂಬುದು ನನಗೆ ಗೊತ್ತಿದೆ, ಬರೆದುಕೊಳ್ಳಿರಿ ಎಂದಳಂತೆ. ಮರುದಿನವೂ ಹೋಗಿ ಕುಳಿತಳಂತೆ. ಮಗ ರಜೆಗೆ ಬಂದಾಗ ಅವನನ್ನೂ ಎಳೆದುಕೊಂಡು ಹೋದಳಂತೆ. ಆಗ ಕಾಗದವೂ ಆಯಿತು, ಬೀಮಾವೂ ಬಂತು.

ಬಟಾಣಿಯ ಬುಟ್ಟಿ ತುಂಬುತ್ತ ಬಂತು. ಈಗ ಫೂಲ್‌ಮತಿಯ ಸರದಿ. "ನಿಮ್ಮಲ್ಲಿ ಹೊಸ ಹೆಸರು ಇಡುವವರು ಯಾರು?"

ಕಾಕು ಸಿಪ್ಪೆಯನ್ನು ನನ್ನ ಕಡೆ ಎಸೆದು, "ಇಕಿನ ಇಟ್ಟಾಕಿ" ಎಂದಳು.

ಹೌದು. ನಾನೇ. ಆಗ ನನಗೆ ಆರು ವರ್ಷ. ಮನೆಯಲ್ಲಿ ಹೆಸರಿನ ಬಗ್ಗೆ ಜಗ್ಗಾಟ ನಡೆದಾಗ ಆಯಿ, "ಸಣ್ಣ ಕೂಸು ಏನಂತದೋ ಅದ ಆಗಲಿ" ಎಂದಳಂತೆ. ನಾನು ಒಂದನೇ ಇಯತ್ತೆಯ ನನ್ನ ಟೀಚರ್ ಹೆಸರು ಹೇಳಿದೆ. ಶೋಭಾ ಟೀಚರ್ ಕೈಗೆ ಗಡಿಯಾರ ಕಟ್ಟುತ್ತಿದ್ದರು, ಸ್ಕೂಟರ್ ಮೇಲೆ ಬರುತ್ತಿದ್ದರು. ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಹೆಸರು ನನಗೆ ಗೊತ್ತಿರಲಿಲ್ಲ. ಆಯಿ ನನ್ನ ಕೈ ಹಿಡಿದು ಅಕ್ಕಿಯಲ್ಲಿ ಅದನ್ನು ಬರೆಸಿದಳು.

ಯಂತ್ರ ಬೆರಳು ಒಪ್ಪದ ಕಥೆಯನ್ನೂ ಕಾಕು ಅವಳಿಗೆ ಹೇಳಿದಳು. ಫೂಲ್‌ಮತಿ ಒಂದು ಮಾತು ಕೇಳಿದಳು, ತೀರ ಸಾದಾ ಮಾತು. "ಬೆರಳಿರುವುದು ಹಳೆಯ ಹೆಸರಿಗಲ್ಲವೇ? ರೇಶನ್ ಕಾರ್ಡಿನಲ್ಲಿ ಅದನ್ನೇ ಬರೆಸಿದರೆ ಆಗುವುದಿಲ್ಲವೇ?"

ಉತ್ತರ ಕೊಡಲು ಬಾಯಿ ತೆರೆದೆ. ಎದುರಾಳಿಯ ಮಾತು ಮುಗಿಯುವ ಮೊದಲೇ ಮೂರು ಖಂಡನೆ ಸಿದ್ಧವಿರಬೇಕು ಎಂದು ಕಲಿತವಳು ನಾನು. ಖಂಡನೆ ಬಿಟ್ಟು ಲೆಕ್ಕ ಹಾಕತೊಡಗಿದೆ. ಎರಡು ವರ್ಷದಿಂದ ಹುಕ್ಕೇರಿ ಕೋರ್ಟಿನ ಕಟ್ಟೆಯ ಮೇಲೆ ಕುಳಿತು, 'ಹೌಸವ್ವ ಎಂಬುವಳೇ ಶೋಭಾ' ಎಂದು ಅಫಿಡವಿಟ್ಟು ಬರೆಯುತ್ತ ಬಂದಿದ್ದೆ. ಆಧಾರಿನಲ್ಲಿ ಶೋಭಾ ಆಗಬೇಕಾದರೆ ಮದುವೆ ನೋಂದಣಿ ಬೇಕು, ಅದಕ್ಕೆ ಕಾಕಾ ಬರಬೇಕು, ಸಾಕ್ಷಿಗಳು ಬರಬೇಕು. ಮೂರು ಸಲ ದಿನ ಗೊತ್ತು ಮಾಡಿದಾಗಲೂ ಕಾಕಾನಿಗೆ ಹೊಲದ ಕೆಲಸ. ತಿರುಗಿಸಿ ಕಾರ್ಡಿನಲ್ಲಿ ಹೌಸವ್ವ ಎಂದು ಮಾಡಿದರೆ? ಸರ್ಕಾರ ಕಾರ್ಡಿನ ತಿದ್ದುಪಡಿಗೆ ಅವಕಾಶ ತೆರೆದ ದಿನ ಯಜಮಾನಿ, ಅಂದರೆ ಆಯಿ, ಹೋಗಿ ಹೆಬ್ಬೆಟ್ಟು ಒತ್ತಬೇಕು. ಅಷ್ಟೇ. ನಮ್ಮ ಮನೆಯಲ್ಲಿ ಯಾರಿಗೂ ಇದು ಹೊಳೆಯಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಹೌಸವ್ವ ಎಂಬವಳು ಇರಲೇ ಇಲ್ಲ.

"ನಿನಗರ ಹೊಳೀಲಿಲ್ಲೇನು ಕಾಕು?"

"ನಾ ಮೊದಲನೇ ದಿನಾನ ಅಂದಿದ್ನಲ್ಲ," ಎಂದಳು, ಬಟಾಣಿಯಿಂದ ಕಣ್ಣೆತ್ತದೆ. "ಹಳೇದ ಬರಸಿ ಬಿಡು ಅಂತ. ನೀ ಏನಂದಿ? 'ಕಾಕು, ನಿನ್ನ ಹೆಸರ ಶೋಭಾ ಐತಿ. ಅದನ್ನ ನಾವು ಸಿದ್ಧ ಮಾಡಿ ತೋರಸೋಣು' ಅಂದಿ."

ಅಂದಿದ್ದೆ. ನನ್ನದೇ ಧಾಟಿ, ನನ್ನದೇ ಶಬ್ದ. ನೆನಪಿಲ್ಲ ಎನ್ನುವಂತೆಯೂ ಇರಲಿಲ್ಲ.

"ಮತ್ತ ಯಾಕ ಸುಮ್ಮನಾದಿ?"

"ನಿನ್ನ ಕೂಡ ವಾದ ಮಾಡಿ ಗೆದ್ದಾವರು ಯಾರದಾರ ನಮ್ಮ ಮನ್ಯಾಗ?"

ಫೂಲ್‌ಮತಿಗೆ ಕನ್ನಡ ಬಾರದು. ಆದರೂ ನಕ್ಕಳು.

ಲುಂಬಿನಿ, ಹೊರಡುವ ದಿನ

ಬೆಳಿಗ್ಗೆ ಲಾಡ್ಜಿನ ವೈಫೈನಲ್ಲಿ ಮನೆಗೆ ವೀಡಿಯೊ ಕರೆ ಮಾಡಿದೆವು. ಆಯಿ ಫೋನನ್ನು ಕಿವಿಗೇ ಹಿಡಿದಳು, ನಮಗೆ ಅವಳ ಒಂದು ಕಿವಿ ಮತ್ತು ಕಾಕಾನ ಕಬ್ಬಿನ ರವದಿಯ ಒಣ ಎಲೆ ಮೆತ್ತಿದ ಭುಜ ಕಂಡವು. ನಾನು ಮಾತಾಡಲು ಹೊರಟಾಗ ಕಾಕು ನನ್ನ ಕೈಯಿಂದ ಫೋನ್ ಇಸಿದುಕೊಂಡಳು. ದವಾಖಾನೆಯ ಸುದ್ದಿ ಹೇಳಿದಳು, ಹೆಸರಿನ ಸುದ್ದಿ ಹೇಳಿದಳು.

ಕಾಕಾ, "ಮಂದಿ ಏನಂದಾರು? ಗಂಡನ ಮನಿ ಹೆಸರ ಬಿಟ್ಟಳು ಅಂತಾರ" ಎಂದ.

"ನಿಮ್ಮ ಹೊಟ್ಟಿ ಕೊಯ್ಯೂಮುಂದ ಮಂದಿ ಬಂದು ಹೆಸರ ಕೇಳಿದ್ರೇನ್ರಿ?"

"ಅದು ಬ್ಯಾರೆ."

"ಹೌದ್ರಿ, ಬ್ಯಾರೆನ. ನಿಮ್ಮದು ಹುಟ್ಟಿದಾಗಿಂದ ಒಂದ ಐತಿ."

ಭುಜ ಸರಿಯಿತು. ಈಗ ಆಯಿಯ ಕಿವಿ ಮಾತ್ರ. "ಅಕ್ಕಿಯೊಳಗ ಬರದದ್ದನ್ನ ಅಳಸಬಾರದವಾ," ಎಂದಳು ಆಯಿ.

"ಅಳಸೂದಿಲ್ರಿ ಅತ್ತಿ. ನೀವು ಶೋಭಾ ಅಂತನ ಕರೀರಿ, ನಾ ಓ ಅಂತೇನಿ. ಕಾರ್ಡಿನ್ಯಾಗ ಅಷ್ಟ ಹೌಸವ್ವ ಇರಲಿ. ಮೊನ್ನೆ ಜೀವ ಹೋಗೂದಿತ್ತು ನಂದು. ಹೋಗಿದ್ರ ಇಬ್ಬರೂ ಹೋಗತಿದ್ವಿ."

ಆಯಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ನನ್ನ ತವರಮನಿ ಹೆಸರ ಏನಿತ್ತು, ಗೊತ್ತೈತೇನ ನಿಮಗ ಯಾರಿಗರ?"

ನನಗೆ ಗೊತ್ತಿರಲಿಲ್ಲ. ಅವಳ ಮಗನಿಗೂ ಗೊತ್ತಿರಲಿಲ್ಲ. ಏನಿತ್ತು ಎಂದು ಕಾಕು ಕೇಳಿದಳು.

"ಇರಲಿ ಬಿಡು," ಎಂದಳು ಆಯಿ. "ಹೆಬ್ಬಟ್ಟ ಎಲ್ಲಿ ಒತ್ತಬೇಕು ಅದನ್ನ ಹೇಳು."

ಹೊರಡುವಾಗ ಫೂಲ್‌ಮತಿ ಒಣಗಿಸಿದ ಬಟಾಣಿಯ ಒಂದು ಗಂಟು ಕೊಟ್ಟಳು. ಕಾಕು ಮೆತ್ತಗಾದ ರೊಟ್ಟಿಗಳನ್ನು ಅವಳ ಹೆಂಚಿನ ಮೇಲೆ ಮತ್ತೆ ಕಾಯಿಸಿ ಖಡಕ್ ಮಾಡಿ, ಅರ್ಧ ಅವಳಿಗೆ ಕೊಟ್ಟಳು. ಗಡಿ ದಾಟುವಾಗ ಈ ಸಲವೂ ಯಾರೂ ಹೆಸರು ಕೇಳಲಿಲ್ಲ. ತಂಡದವರು ಮತ್ತೆ ಗಡಿಯಾರ ತಿರುಗಿಸಿದರು. ಕಾಕು ಏನನ್ನೂ ತಿರುಗಿಸಬೇಕಿರಲಿಲ್ಲ.

ಗೋಕಾಕ

ಪ್ರವಾಸದ ಕಥೆ ಮನೆಯ ಬಾಗಿಲಿಗೆ ಬಂದರೆ ಮುಗಿಯಬೇಕು. ಇದು ಇನ್ನೊಂದು ಸ್ವಲ್ಪ ಇದೆ.

ಹುಕ್ಕೇರಿಯ ಕಂಪ್ಯೂಟರ್ ಕೇಂದ್ರದಲ್ಲಿ ತಿದ್ದುಪಡಿ ತೆರೆದ ದಿನ ಆಯಿ ಹೊಸ ಸೀರೆ ಉಟ್ಟು ಬಂದಳು. ಅವಳ ಹೆಬ್ಬೆರಳು ಸವೆದಿತ್ತು, ಯಂತ್ರ ಎರಡು ಸಲ ಒಲ್ಲೆ ಎಂದಿತು. ಆಯಿ ಬೆರಳನ್ನು ಸೆರಗಿನಿಂದ ತಿಕ್ಕಿ, ಬಾಯಿಂದ ಹಬೆ ಊದಿ, ಮೂರನೆಯ ಸಲ ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಯಂತ್ರ ಒಪ್ಪಿತು. ಕಾಕು ಬೆರಳಿಟ್ಟಾಗ ಹೌಸವ್ವ ಎಂಬ ಹೆಸರು ತಾನಾಗಿಯೇ ಕಾರ್ಡಿಗೆ ಬಂದು ಕುಳಿತಿತು. ನಾನು ಬರೆದ ಮೂರು ಅಫಿಡವಿಟ್ಟುಗಳು ಚೀಲದಲ್ಲೇ ಉಳಿದವು.

ಬಸ್ ಸ್ಟ್ಯಾಂಡಿನಲ್ಲಿ ಮಾಸ್ತರರು ಸಿಕ್ಕರು. ಅದೇ ವಿಷಯ ಮತ್ತೆ ಚರ್ಚೆಗೆ ಬಂದರೆ ಯಾವ ಪಕ್ಷ ಎಂದು ಕೇಳಿದರು. ಕೊಂಕು ಇರಲಿಲ್ಲ, ತಿಳಿಯಬೇಕೆಂದೇ ಕೇಳಿದರು.

"ನಿಯಮದಾಗ ಭೇದ ಇಲ್ಲ ಅನ್ನೂದನ್ನ ಈಗೂ ಸಾಧಸ್ತೇನ್ರಿ ಸರ್," ಎಂದೆ. "ಆದ್ರ ಆ ನಿಯಮ ಬರದಾಂವನ ಹೆಸರ ಯಾರೂ ಯಾವತ್ತೂ ಬದಲ ಮಾಡಿಲ್ಲ."

ಮಾಸ್ತರರು ತಲೆದೂಗಿದರು. ಅವರ ಜೇಬಿನಲ್ಲಿ ಇನ್ನೂ ಶೇಂಗಾ ಇದ್ದವು.

ಗೋಕಾಕದ ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ದಿನ ನಾವು ಮೂವರು ಬೆಂಚಿನ ಮೇಲೆ ಕುಳಿತಿದ್ದೆವು. ನಾನು, ಕಾಕು, ಕಾಕಾ. ಕಟಾವು ಮುಗಿದಿರಲಿಲ್ಲ, ಆದರೂ ಕಾಕಾ ಬಂದಿದ್ದ. ಡಬ್ಬಿಯಲ್ಲಿ ಗಂಜಿ ತಂದಿದ್ದ, ಆಮೇಲೆ ಕುಡಿಯಲಿ ಎಂದು. ಕಾಕು ಬಳೆ, ಕಿವಿಯೋಲೆ ತೆಗೆದು ನನ್ನ ಕೈಯಲ್ಲಿ ಕೊಟ್ಟಿದ್ದಳು. ನಾನು ಅವನ್ನು ಅದೇ ಕರವಸ್ತ್ರದಲ್ಲಿ ಗಂಟು ಹಾಕಿದೆ.

ನರ್ಸ್ ಬಾಗಿಲು ತೆರೆದು, ಕೈಯಲ್ಲಿನ ಹಾಳೆ ನೋಡಿ, "ಹೌಸವ್ವ ಯಾರ್ರಿ?" ಎಂದಳು.

ಕಾಕಾ ಮೊಗಸಾಲೆಯ ಆ ತುದಿಯಿಂದ ಈ ತುದಿಯವರೆಗೆ ನೋಡಿದ, ಯಾರೋ ಆ ಹೆಂಗಸು, ಬೇಗ ಹೋಗಬಾರದೇ ಎನ್ನುವ ಹಾಗೆ. ನಿಜ ಹೇಳಬೇಕೆಂದರೆ ಒಂದು ಗಳಿಗೆ ನಾನೂ ಸುತ್ತ ನೋಡಿದೆ. ತಿರುಗಿ ನೋಡುವುದರೊಳಗೆ ನಮ್ಮಿಬ್ಬರ ನಡುವಿನ ಜಾಗ ಖಾಲಿಯಾಗಿತ್ತು.

"ಯಾರನ್ನ ಹುಡಕಾಕತ್ತೀರಿ?" ಎಂದಳು ಕಾಕು, ಬಾಗಿಲ ಹತ್ತಿರ ನಿಂತು. "ನನ್ನ ಕರದಾರ."